ಗಾಳಿಯಾಡದ ಎಣ್ಣೆ ಡಬ್ಬ

"ಇನ್ನು ಮುಂದೆ ಈ ಮನೆಯ ಎಣ್ಣೆ ಡಬ್ಬದೊಳಕ್ಕೆ ಗಾಳಿ ಕೂಡ ನನ್ನ ಅಪ್ಪಣೆಯಿಲ್ಲದೆ ಹೋಗಕೂಡದು!"

ಒಂದು ಭಾನುವಾರ ಬೆಳಿಗ್ಗೆ ನಾನು ಹೀಗೆ ಘೋಷಣೆ ಹೊರಡಿಸಿದಾಗ ನನ್ನ ಹೆಂಡತಿ ನೀರಜಾ ಹುರುಳಿಕಾಯಿ ಹೆಚ್ಚುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಗಾಳಿಗೆ ಅಪ್ಪಣೆ ಆಮೇಲೆ ಕೊಡೋರಂತೆ. ಮೊದಲು ಡಬ್ಬ ತೆಗೆದುಕೊಡಿ, ಒಗ್ಗರಣೆಗೆ ಎಣ್ಣೆಯಿಲ್ಲ."

ನನ್ನ ಜಂಬಕ್ಕೆ ಕಾರಣವಿತ್ತು. ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಪ್ರೆಷರ್ ಕುಕ್ಕರಿನ ರಬ್ಬರ್ ರಿಂಗುಗಳನ್ನು ಪರೀಕ್ಷಿಸಿ ಪಾಸು ಮಾಡುವವನು ನಾನು. ಚೆನ್ನೈನ ಅರ್ಧ ಅಡುಗೆಮನೆಗಳಲ್ಲಿ ಕುಕ್ಕರು ಕೂಗುವುದು ಈ ಬದರಿನಾಥನ ದಯೆಯಿಂದ ಎಂದೇ ನನ್ನ ನಂಬಿಕೆ. ಅಂಥವನ ಮನೆಯಲ್ಲಿ ಎಣ್ಣೆ ಡಬ್ಬದ ಬಾಯಿಗೆ ಹಳೇ ಪಂಚೆಯ ಚೂರು! ಕೇಳಿದವರು ನಕ್ಕಾರು!

ಅದು ಅಪ್ಪನ ಪದ್ಧತಿ. ಅವರು ಸೌಕಾರ್‌ಪೇಟೆಯ ಎಣ್ಣೆ ಮಂಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹದಿನೈದು ಕಿಲೋ ಎಳ್ಳೆಣ್ಣೆ ಡಬ್ಬ ಅಲ್ಲಿಂದಲೇ ನಮ್ಮ ತಿರುವಲ್ಲಿಕೇಣಿ ಮನೆಗೆ ಬರುತ್ತಿತ್ತು. ಅಪ್ಪ ಮೊಳೆ ಸುತ್ತಿಗೆ ಹಿಡಿದು ಮೇಲೆ ಎರಡು ಮೂಲೆಗೆ ಎರಡು ತೂತು ಹೊಡೆಯುತ್ತಿದ್ದರು. ಒಂದು ಎಣ್ಣೆಗೆ, ಒಂದು ಗಾಳಿಗೆ. ಎರಡಕ್ಕೂ ಬಟ್ಟೆ ತುರುಕಿದರೆ ಮುಗಿಯಿತು. ಮಧ್ಯಾಹ್ನ ನಿದ್ದೆ ಮಾಡಿ ಎದ್ದವರು ನೇರ ಅಡುಗೆಮನೆಗೆ ಹೋಗಿ ಬೆರಳ ಗೆಣ್ಣಿನಿಂದ ಡಬ್ಬವನ್ನು ಒಮ್ಮೆ ತಟ್ಟುತ್ತಿದ್ದರು. ಡಬ್! ಆ ಸದ್ದು ಕೇಳಿಯೇ ಎಣ್ಣೆ ಎಷ್ಟು ಉಳಿದಿದೆ ಎಂದು ಹೇಳಿಬಿಡುತ್ತಿದ್ದರು. ಹಾಲ್‌ನಲ್ಲಿ ಕೂತ ಅಮ್ಮನಿಗೆ ಅದೇ ಕಾಫಿಯ ಗಂಟೆ. "ಬಂದೆ" ಎಂದು ಏಳುತ್ತಿದ್ದಳು.

ಅಪ್ಪ ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಹೋಗಿಬಿಟ್ಟರು. ಅಂದಿನಿಂದ ಅಮ್ಮ ಮಧ್ಯಾಹ್ನದ ಕಾಫಿ ಬಿಟ್ಟಳು. ಮಾತು ಬಿಟ್ಟಳು. ಊಟಕ್ಕೆ ಕೂತರೆ ಎರಡು ತುತ್ತು, ಮತ್ತೆ ಗೋಡೆಯ ಕಡೆ ಮುಖ. ನೀರಜಾ ಬೇಡಿದಳು, ನಾನು ಗದರಿದೆ, ಡಾಕ್ಟರು ಟಾನಿಕ್ ಬರೆದುಕೊಟ್ಟರು. ಅಮ್ಮ ದಿನೇ ದಿನೇ ಸೊರಗುತ್ತಲೇ ಹೋದಳು. ನಮಗೆ ಭಯವಾಗತೊಡಗಿತ್ತು.

ಇರಲಿ, ಡಬ್ಬಕ್ಕೆ ಬರೋಣ. ಪ್ಯಾರಿಸ್ ಕಾರ್ನರಿನ ಫುಟ್‌ಪಾತಿನಲ್ಲಿ ನನಗೊಂದು ಅಪೂರ್ವ ಆಯುಧ ಸಿಕ್ಕಿತ್ತು. ನೋಡಲು ಬೈರಿಗೆಯ ತಮ್ಮ. ಅದರ ಮೊನೆಯನ್ನು ಡಬ್ಬದ ತಲೆಗೆ ಒತ್ತಿ ಹಿಡಿ ತಿರುಗಿಸಿದರೆ ದುಂಡಗೆ ತೂತಾಗುತ್ತದೆ. ಹಿಡಿ ಕಳಚಿಕೊಂಡರೆ ಮೂತಿ ಅಲ್ಲೇ ಕೂತು ಎಣ್ಣೆ ಸುರಿಯುವ ಕೊಳವೆಯಾಗುತ್ತದೆ. ಅದಕ್ಕೊಂದು ತಿರುಪಿನ ಮುಚ್ಚಳ. ನಾನು ಅದಕ್ಕೆ 'ತೈಲಾಂಕುಶ' ಎಂದು ನಾಮಕರಣ ಮಾಡಿದೆ. ಅದರ ಜೊತೆ ಬಂದ ರಬ್ಬರನ್ನು ನೋಡಿ ನನ್ನ ವೃತ್ತಿಗೌರವ ಕೆರಳಿತು. ಕಿತ್ತೆಸೆದು, ನನ್ನ ಕಾರ್ಖಾನೆಯ ಒಂದನೇ ದರ್ಜೆಯ ರಬ್ಬರು ಕತ್ತರಿಸಿ ಕೂರಿಸಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಅಪರೂಪಕ್ಕೆ ಬಾಯಿ ಬಿಟ್ಟಳು. "ಒಂದೇ ತೂತು ಸಾಕೇನೋ? ಗಾಳಿಗೆ?"

"ಅಮ್ಮಾ, ಅದೆಲ್ಲ ಅಪ್ಪನ ಕಾಲ! ಇದು ವಿಜ್ಞಾನ!"

ವಿಜ್ಞಾನ ಮೊದಲ ದಿನವೇ ಗಳ್ ಗಳ್ ಎಂದು ಕೆಮ್ಮಿ ನೀರಜಾಳ ಸೀರೆಯ ಮೇಲೆ ಕಾಲು ಲೀಟರ್ ಉಗುಳಿತು. ಅವಳು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಮುಚ್ಚಳ ತಿರುಗಿಸಿ ಡಬ್ಬವನ್ನು ತಲೆಕೆಳಗು ಹಿಡಿದು ತೋರಿಸಿದೆ. ಒಂದು ಹನಿ ಬೀಳಲಿಲ್ಲ!

ಮೂರು ದಿನವಾಗಿರಲಿಲ್ಲ, ಕಾರ್ಖಾನೆಗೆ ಫೋನು ಬಂತು.

"ಏನ್ರೀ, ಸೀಕ್ರ ಮನೆಗೆ ಬನ್ನಿ," ನೀರಜಾಳ ದನಿ ಪಿಸುಗುಡುತ್ತಿತ್ತು. "ಅಡುಗೆಮನೇಲಿ ಮಾವ ಡಬ್ಬ ತಟ್ಟಿದರು."

"ಯಾವ ಮಾವ?"

"ನನಗೆಷ್ಟು ಜನ ಮಾವಂದಿರಿದಾರೆ? ನಿಮ್ಮಪ್ಪ!"

ನಾನು ಗಹಗಹಿಸಿ ನಕ್ಕೆ. ಪಕ್ಕದ ಮೇಜಿನವರಿಗೂ ಹೇಳಿ ನಗಿಸಿದೆ. ಆ ನಗುವಿನ ಆಯುಷ್ಯ ಭಾನುವಾರದವರೆಗೆ ಮಾತ್ರ.

ಮೇ ತಿಂಗಳ ಕತ್ತರಿ ಬಿಸಿಲಿನ ಮಧ್ಯಾಹ್ನ. ಕರೆಂಟು ಹೋಗಿ ಫ್ಯಾನು ಕೊನೆಯ ಸುತ್ತು ಸುತ್ತಿ ನಿಂತಿತು. ಬೀದಿಯಲ್ಲಿ ಒಂದು ಕಾಗೆಯ ದನಿಯೂ ಇಲ್ಲ. ನಾನು, ನೀರಜಾ, ಮಗಳು ರಂಜನಿ ತಣ್ಣನೆಯ ನೆಲದ ಮೇಲೆ ಒರಗಿದ್ದೆವು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಡಬ್!

ಒಂದೇ ಸಲ. ಗೆಣ್ಣಿನಿಂದ ತಟ್ಟಿದ ಹಾಗೆ. ನನ್ನ ಕೈಮೇಲಿನ ಕೂದಲು ಒಂದೊಂದಾಗಿ ಎದ್ದು ನಿಂತವು.

"ಅಪ್ಪಾ, ತಾತಾ ವಂದಿರುಕ್ಕಾರ್!" ಎಂದಳು ರಂಜನಿ, ತಾತ ಬಂದಿದ್ದಾರೆ ಎಂದು ತನ್ನ ಶಾಲೆಯ ತಮಿಳಿನಲ್ಲಿ. ಬಾಗಿಲಿಗೆ ಪೋಸ್ಟು ಬಂದಷ್ಟೇ ಸಹಜವಾಗಿ!

ಅದಕ್ಕಿಂತ ಭಯಂಕರವಾದದ್ದು ಆಮೇಲೆ ನಡೆಯಿತು. ತಿಂಗಳುಗಟ್ಟಲೆ ಗೋಡೆ ನೋಡುತ್ತಿದ್ದ ಅಮ್ಮ ಸೊಂಟ ಹಿಡಿದುಕೊಂಡು ಎದ್ದಳು. "ಬಂದೆ," ಎಂದಳು. ಖಾಲಿ ಅಡುಗೆಮನೆಗೆ ಹೋಗಿ ಒಲೆ ಹಚ್ಚಿ ಹಾಲಿಟ್ಟಳು. ಒಳಗೆ ಯಾರಿಗೋ ತಗ್ಗಿದ ದನಿಯಲ್ಲಿ ಏನೋ ಹೇಳುವುದು ಕೇಳಿಸಿತು. ಲೋಟ ಹಿಡಿದು ಹೊರಬಂದು, ಅಪ್ಪನ ಖಾಲಿ ಕುರ್ಚಿಯ ಎದುರು ಕೂತು ಕಾಫಿ ಕುಡಿದಳು. ರಾತ್ರಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಹಿಗ್ಗಬೇಕೋ ಹೆದರಬೇಕೋ ನಮಗೆ ತಿಳಿಯಲಿಲ್ಲ.

ದಿನಾ ಹೀಗೇ ಆಯಿತು. ಮಧ್ಯಾಹ್ನ ಒಂದು ಡಬ್, ಬಿಸಿಲಿಳಿದ ಮೇಲೆ ಇನ್ನೊಂದು. ನೀರಜಾ ಎಣ್ಣೆ ಬೇಕಾದರೆ ದೂರದಿಂದಲೇ ಕೈಚಾಚುತ್ತಿದ್ದಳು.

"ಆ ಡಬ್ಬ ಕಿಟಕಿ ಹತ್ತಿರ ಬೇಡ ರೀ, ನಡುಮನೆಗೆ ಎದುರಾಗಿ ನೋಡ್ತಿರತ್ತೆ," ಎಂದಳು.

ಅಡಿಗೆ ಹಾಸಿದ್ದ ಎಣ್ಣೆಜಿಡ್ಡಿನ ಗೋಣಿಚೀಲದ ತುಂಡಿನ ಸಮೇತ ಡಬ್ಬವನ್ನು ಎಳೆದು, ಕತ್ತಲೆ ಮೂಲೆಯಲ್ಲಿ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟೆ. ಮಾರನೇ ದಿನ ಕಾರ್ಖಾನೆಯಿಂದ ಬಂದು ನೋಡುತ್ತೇನೆ, ಡಬ್ಬ ಕಿಟಕಿಯ ಕೆಳಗೇ ಕೂತಿದೆ!

"ನೀನು ಎಳೆದೆಯಾ?"

"ನಾನು ಅದನ್ನ ಮುಟ್ತೀನಾ? ನೀವೇ ಅಲ್ಲವಾ?"

ಇಬ್ಬರೂ ನೆಲ ನೋಡಿದೆವು. ಅಕ್ಕಿ ಡ್ರಮ್ಮಿನಿಂದ ಕಿಟಕಿಯವರೆಗೆ ಎಣ್ಣೆಯ ಒಂದು ತೆಳು ಗೆರೆ ಹೊಳೆಯುತ್ತಿತ್ತು. ತಟ್ಟುವ ಡಬ್ಬವನ್ನಾದರೂ ಸಹಿಸಬಹುದು, ಓಡಾಡುವ ಡಬ್ಬವನ್ನು ಎಲ್ಲಿಗೆಂದು ಕಳಿಸುವುದು?

ಅಪ್ಪನ ಮಾಸಿಕಕ್ಕೆ ಬಂದ ವಿಷ್ಣುಮೂರ್ತಿ ಆಚಾರ್ಯರಿಗೆ ಎಲ್ಲ ಹೇಳಿದೆ. ಎಲೆಯ ಮುಂದೆ ಕೂತವರು ವಡೆ ಮುರಿಯುತ್ತಾ ಉಪದೇಶ ಶುರುಮಾಡಿದರು. "ಬದರೀ, ಶಾಸ್ತ್ರೋಕ್ತವಾಗಿ ಕರ್ಮ ಮಾಡಿದ ಮನೇಲಿ ಇದೆಲ್ಲ ಆಗೋದೇ ಇಲ್ಲ. ಪಿತೃಗಳು ತೃಪ್ತರಾಗಿ ಹೋಗ್ತಾರೆ. ಅವರು ಡಬ್ಬ ಗಿಬ್ಬ ತಟ್ಟಿ..."

ಡಬ್!

ಆಚಾರ್ಯರ ಕೈಯಲ್ಲಿದ್ದ ವಡೆ ಪಾಯಸಕ್ಕೆ ಬಿತ್ತು. ಒಳಗಿನಿಂದ ಅಮ್ಮ "ಬಂದೆ" ಎಂದಳು. ಆಚಾರ್ಯರು ಇನ್ನೊಂದು ಮಾತಾಡದೆ ಊಟ ಮುಗಿಸಿದ ವೇಗವನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ. ಚಪ್ಪಲಿ ಮೆಟ್ಟುತ್ತಾ ಅಂದರು: "ಮುಂದಿನ ಮಾಸಿಕ ಮಠದಲ್ಲೇ ಇಟ್ಕೊಳ್ಳೋಣಪ್ಪಾ."

ಆ ಸಂಜೆ ನೀರಜಾ ಪೆಟ್ಟಿಗೆ ಇಳಿಸಿದಳು.

"ರಂಜನೀನ ಕರಕೊಂಡು ಬೆಸೆಂಟ್ ನಗರಕ್ಕೆ ಹೋಗ್ತೀನಿ. ಅಮ್ಮನ ಮನೇಲಿ ಸಮುದ್ರ ಒಂದೇ ಸದ್ದು ಮಾಡೋದು. ಈ ಸದ್ದು ನಿಲ್ಲಿಸಿ, ಆಮೇಲೆ ಕರೀರಿ."

"ಅಮ್ಮ ಊಟ ಮಾಡ್ತಿದಾಳಲ್ಲೇ ಇದರಿಂದ!"

"ಅತ್ತೆ ಗೋಡೆ ಜೊತೆ ಮಾತಾಡ್ತಾರೆ, ಡಬ್ಬ ಮನೆಯೆಲ್ಲ ನಡೆದಾಡತ್ತೆ. ನನ್ನ ಎದೆ ಒಡೆದುಹೋದರೆ ನಿಮಗೆ ಪರವಾಯಿಲ್ಲೆಯಾ?"

ಎರಡು ದಿನದ ಗಡುವು ಸಿಕ್ಕಿತು. ನಾನು ಕಾರ್ಖಾನೆಗೆ ಹೋಗಿ ತಲೆ ಮೇಲೆ ಕೈಹೊತ್ತು ಕೂತೆ. ಅಂಗಳದಲ್ಲಿ, ಉರಿಬಿಸಿಲಿಗೆ, ಸೀಲು ಮಾಡಿದ ದ್ರಾವಣದ ಡಬ್ಬಗಳನ್ನು ಸಾಲಾಗಿ ಇಟ್ಟಿದ್ದರು. ಇದ್ದಕ್ಕಿದ್ದಂತೆ ಅವುಗಳಲ್ಲೊಂದು "ಡಬ್" ಎಂದಿತು!

ನಾನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಬಿದ್ದಲ್ಲೇ ಜ್ಞಾನೋದಯವೂ ಆಯಿತು. ಬಿಸಿಲು ಬಿದ್ದರೆ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲ. ತಗಡಿನ ಹೊಟ್ಟೆ ಡಬ್ ಎಂದು ಉಬ್ಬುತ್ತದೆ, ಸಂಜೆ ತಣಿದರೆ ಡಬ್ ಎಂದು ಒಳಗೆ ಹೋಗುತ್ತದೆ. ಅಪ್ಪನ ಪಂಚೆಯ ಚೂರಿನಲ್ಲಿ ಗಾಳಿ ಆರಾಮವಾಗಿ ಓಡಾಡಿಕೊಂಡಿತ್ತು. ಅದನ್ನು ಒಳಗೆ ಕೂಡಿಹಾಕಿದ ಮಹಾನುಭಾವ ನಾನು! ನನ್ನ ಒಂದನೇ ದರ್ಜೆಯ ರಬ್ಬರು! ಡಬ್ಬ ನಡೆದಾಡಿದ್ದಕ್ಕೆ ಮಾತ್ರ ಈ ವಿಜ್ಞಾನದಲ್ಲಿ ಉತ್ತರವಿರಲಿಲ್ಲ. ಅದನ್ನು ಯೋಚಿಸದಿರಲು ನಿರ್ಧರಿಸಿದೆ.

ಮನೆಗೆ ಓಡಿಬಂದು ನೀರಜಾಳನ್ನು ಅಡುಗೆಮನೆಗೆ ಕರೆದು ಪಿಸುದನಿಯಲ್ಲಿ ಪಾಠ ಮಾಡಿದೆ. ಮುಚ್ಚಳವನ್ನು ಒಂದೇ ಒಂದು ಸುತ್ತು ಸಡಿಲಿಸಿದೆ.

ಉಸ್ಸ್ಸ್...

ಯಾರೋ ದೀರ್ಘವಾಗಿ ನಿಟ್ಟುಸಿರು ಬಿಟ್ಟ ಹಾಗಿತ್ತು. ಕಾರಣ ಗೊತ್ತಿದ್ದೂ ನಮ್ಮಿಬ್ಬರಿಗೂ ಮೈ ಜುಮ್ಮೆಂದಿತು. ತಿರುಗಿ ನೋಡಿದರೆ ಹಾಲ್‌ನಿಂದ ಅಮ್ಮ ಈ ಕಡೆಗೇ ನೋಡುತ್ತಿದ್ದಳು.

ಮಾರನೇ ದಿನ ಶನಿವಾರ, ಮನೆಯಲ್ಲೇ ಇದ್ದೆ. ಬಿಸಿಲು ಕಿಟಕಿಗೆ ಬಂತು, ಡಬ್ಬದ ಮೇಲೆ ಬಿತ್ತು. ಸದ್ದಿಲ್ಲ. ಗೆದ್ದೆ ಎಂದು ಮೀಸೆ ತೀಡಿಕೊಂಡು ಅಮ್ಮನ ಕಡೆ ನೋಡಿದೆ. ಏಳಲು ತಯಾರಾದವಳ ಹಾಗೆ ಒಂದು ಕೈ ನೆಲಕ್ಕೆ ಊರಿಕೊಂಡು ಕೂತಿದ್ದಳು. ಬಿಸಿಲು ಕಿಟಕಿಯಿಂದ ಇಳಿದುಹೋಯಿತು. ಅಮ್ಮ ಆ ಕೈಯನ್ನು ನಿಧಾನವಾಗಿ ಮಡಿಲಿಗೆ ಎಳೆದುಕೊಂಡಳು. ಗೋಡೆಯ ಕಡೆ ತಿರುಗಿದಳು.

ಅಪ್ಪ ಎರಡನೇ ಸಲ ಹೋದ ಹಾಗಾಯಿತು, ಈ ಸಲ ಕಳಿಸಿದವನು ನಾನೇ. ರಾತ್ರಿ ಅವಳ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು.

"ಏನ್ರೀ ಮಾಡಿಬಿಟ್ರಿ?" ಎಂದಳು ನೀರಜಾ.

"ನೀನೇ ತಾನೇ ನಿಲ್ಲಿಸು ಅಂದದ್ದು!"

"ನಾನಂದೆ ಅಂತ ನಿಲ್ಲಿಸಿಬಿಡೋದಾ?"

ಪೆಟ್ಟಿಗೆ ಅಟ್ಟಕ್ಕೆ ವಾಪಸು ಹೋಯಿತು.

ಭಾನುವಾರ ಮಧ್ಯಾಹ್ನ ಮುಖದ ಮೇಲೆ ಪೇಪರು ಹೊದ್ದು ಮಲಗಿದ್ದೆ. ಮನೆಯೆಲ್ಲ ನಿಶ್ಶಬ್ದ. ಬಿಸಿಲು ಎಂದಿನ ಜಾಗಕ್ಕೆ ಬಂದಿರಬೇಕು.

ಡಬ್!

ಪೇಪರಿನ ಅಡಿಯಲ್ಲಿ ನಾನು ಕಣ್ಣು ಬಿಟ್ಟೆ. ಮುಚ್ಚಳ ಸಡಿಲವಾಗಿತ್ತು! ನನ್ನ ಕೈಯಾರೆ ಸಡಿಲಿಸಿದ್ದೆ! ಗಾಳಿಗೆ ದಾರಿಯಿತ್ತು! ಹಾಗಾದರೆ ಈಗ ತಟ್ಟಿದವರು ಯಾರು? ಕಾರ್ಖಾನೆಯ ಅಂಗಳದಲ್ಲಿ ಕಲಿತ ವಿಜ್ಞಾನವೆಲ್ಲ ಬೆವರಾಗಿ ಬೆನ್ನಮೇಲೆ ಇಳಿಯಿತು.

ಡಬ್!

ಎರಡನೆಯದು ಜೋರಾಗಿತ್ತು. ಗೋಡೆ ಹಿಡಿದು ಎದ್ದೆ. ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿತ್ತು, ಸಂದಿಯಿಂದ ಒಂದು ನೆರಳು ಅಲುಗಾಡುವುದು ಕಂಡಿತು. ನೆರಳು ಡಬ್ಬದ ಮೇಲೆ ಬಾಗಿತ್ತು. ಕುಲದೇವರನ್ನು ನೆನೆದು ಬಾಗಿಲು ತಳ್ಳಿದೆ.

ಡಬ್ಬದ ಪಕ್ಕ ಕುಕ್ಕರಗಾಲಿನಲ್ಲಿ ನೀರಜಾ ಕೂತಿದ್ದಳು. ಮಡಿಸಿದ ಬೆರಳು ಗಾಳಿಯಲ್ಲೇ ನಿಂತಿತ್ತು. ಕಣ್ಣಲ್ಲಿ ನೀರು. ನನ್ನನ್ನು ಕಂಡದ್ದೇ ಇನ್ನೊಂದು ಕೈಯಿಂದ ತುಟಿಗೆ ಬೆರಳಿಟ್ಟು "ಶ್!" ಎಂದಳು. ದೂರದಿಂದ ಕೈಚಾಚಿ ಎಣ್ಣೆ ತೆಗೆಯುತ್ತಿದ್ದವಳು ಇವಳೇ! ನಾನು ಬಾಯಿ ತೆರೆಯುವ ಮೊದಲೇ ಹಾಲ್‌ನಿಂದ ಅಮ್ಮನ ದನಿ ಬಂತು. ಗೋಡೆಯ ಜೊತೆ ಮಾತಾಡುವ ದನಿಯಲ್ಲ. ಸಂಸಾರ ನಡೆಸಿದ ಹಳೇ ಅಮ್ಮನ ದನಿ.

"ನೀರಜಾ, ಸಾಕು ಬಾರೇ, ಕಾಫಿಗೆ ನಾನೇ ಇಡ್ತೀನಿ. ಅವರು ಅಷ್ಟು ಜೋರಾಗಿ ತಟ್ತಿರಲಿಲ್ಲ. ನಿನ್ನ ಗೆಣ್ಣು ಯಾಕೆ ನೋಯಿಸ್ಕೋತೀಯ? ಆ ಮುಚ್ಚಳ ಮೊದಲಿನ ಹಾಗೆ ಬಿಗಿ ಮಾಡು ಅಂತ ನಿನ್ನ ಗಂಡನಿಗೆ ಹೇಳು. ಹಾಗೇ, ಇನ್ಮೇಲೆ ಡಬ್ಬಾನ ಕಿಟಕಿ ಬಿಸಿಲಿಂದ ಯಾರೂ ಸರಿಸಬೇಡಿ. ಅವತ್ತು ಮೂಲೆಯಿಂದ ಎಳೆದು ಎಳೆದು ನನ್ನ ಸೊಂಟ ಬಿದ್ದುಹೋಗಿದೆ!"