ಒಂದಗುಳೂ ಉಳಿಯದ ಮದುವೆ

ಹಿತೇಶನ ಕೈಗೆ ಯಾರೂ ಮೈಕು ಕೊಡಬಾರದಿತ್ತು. ಕೊಟ್ಟವರು ಅವನ ಸೋದರಮಾವ ವಸಂತಕುಮಾರ. ಮಾಜಿವಾಡಾದ ಹಾಲ್‌ನಲ್ಲಿ ಅಂದು ಅವರ ಮಗಳ ಮದುವೆ.

ಮದುವೆಮನೆಗಳಲ್ಲಿ ಮಿಕ್ಕ ಊಟವನ್ನು ಕೂಲಿಕಾರರ ಬಿಡಾರಗಳಿಗೆ ಮುಟ್ಟಿಸುವ ಸೇವಾಸಂಸ್ಥೆಯೊಂದರಲ್ಲಿ ಹಿತೇಶನಿಗೆ ಕೆಲಸ. ಸಂಬಳ ಸಣ್ಣದು, ಗೌರವ ದೊಡ್ಡದು. ಆದರೆ ಗೌರವ ತೆಗೆದುಕೊಂಡು ಡೊಂಬಿವಲಿಯಲ್ಲಿ ಯಾರೂ ಬಾಡಿಗೆಗೆ ಮನೆ ಕೊಡುವುದಿಲ್ಲ. ಅಂದು ಮಧ್ಯಾಹ್ನ ಶಹಾಡ್‌ನ ಬಿಡಾರದಲ್ಲಿ ಊಟ ಹಂಚುವುದನ್ನು ನೋಡಲು ಕಂಪನಿಯೊಂದರ ಅಧಿಕಾರಿ ದಿಶಾ ಬರುವವಳಿದ್ದಳು. ಮೆಚ್ಚಿದರೆ ಇಡೀ ವರ್ಷದ ಅನುದಾನ, ಇಲ್ಲವಾದರೆ ಹಿತೇಶನ ಕೆಲಸಕ್ಕೇ ಸಂಚಕಾರ. ಮಾವನ ಮನೆಯ ಮದುವೆಯಲ್ಲಿ ಊಟ ಮಿಕ್ಕದೆ ಇರುತ್ತದೆಯೇ ಎಂಬ ಧೈರ್ಯದಲ್ಲಿ ಅವನು ಯಾರಿಗೂ ಒಂದು ಮಾತು ಹೇಳಿಟ್ಟಿರಲಿಲ್ಲ.

"ನಮ್ಮ ಹಿತೇಶ ಪುಣ್ಯದ ಕೆಲಸ ಮಾಡ್ತಾನೆ. ಊಟಕ್ಕೆ ಮುಂಚೆ ಎರಡು ಮಾತು ಹೇಳು ಮಾರಾಯ," ಅಂದರು ಮಾವ.

ಎರಡು ಮಾತಿಗೆ ನಿಲ್ಲುವ ಆಸಾಮಿಯೇ ಅವನು? ಅನ್ನ ಹಾಳು ಮಾಡುವುದು ಮಹಾಪಾಪವೆಂದು ಶುರುಮಾಡಿ ಹಸಿದ ಮಕ್ಕಳ ಕಣ್ಣೀರಿನವರೆಗೆ ಹೋದ. ಮಾವನ ಹೆಂಡತಿ ಮುಕ್ತಾ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಭಾರೀ ಚಪ್ಪಾಳೆ ಬಿತ್ತು.

ಅಲ್ಲಿಂದ ಹಿಡಿಯಿತು ಗ್ರಹಚಾರ. ಜನ ಎಲೆಯನ್ನು ತೊಳೆದಿಟ್ಟಂತೆ ಖಾಲಿ ಮಾಡಿದರು. ಸಾಕು ಅನ್ನುವವರನ್ನೂ ಪಕ್ಕದವರು ಬಿಡದೆ ಗದರಿಸಿ ಉಣ್ಣಿಸಿದರು. ಹೀಗಾದರೆ ಶಹಾಡ್‌ಗೆ ಒಯ್ಯಲು ಏನೂ ಮಿಗದೆಂದು ಹಿತೇಶನಿಗೆ ಆಗ ಹೊಳೆಯಿತು. ಉಣ್ಣುವುದನ್ನೂ ಬಿಟ್ಟು ಅಡುಗೆಮನೆಗೆ ಓಡಿದ.

"ಭಟ್ರೇ, ಇನ್ನೊಂದು ಹಂಡೆ ಅನ್ನ ಇಡಿ!"

"ಯಾರಿಗೆ? ಅನ್ನ ದಂಡ ಮಾಡ್ಬಾರ್ದು ಅಂತ ಈಗಷ್ಟೇ ಹೇಳಿದ್ದು ನೀವೇ ಅಲ್ವಾ?" ಎಂದು ಭಟ್ಟರು ಒಲೆ ಆರಿಸಿದರು.

ಪಂಕ್ತಿಗಳೆಲ್ಲ ಮುಗಿದು ಬಹಳ ಹೊತ್ತಾದ ಮೇಲೆ, ತಳದಲ್ಲಿದ್ದದ್ದನ್ನಾದರೂ ತುಂಬಿಕೊಳ್ಳೋಣವೆಂದು ನೋಡಿದರೆ ಪಾತ್ರೆಗಳೆಲ್ಲ ಫಳಫಳ.

"ತಳದಲ್ಲಿದ್ದದ್ದೆಲ್ಲ ಡಬ್ಬಿಗೆ ಹಾಕಿ ಗಂಡಿನ ಕಡೆಯವರ ಬಸ್ಸಿಗೆ ಕೊಟ್ಟೆ. ಇಷ್ಟೊತ್ತಿಗೆ ವಾಶಿ ಮುಟ್ಟಿರ್ತದೆ," ಅಂದರು ಮುಕ್ತಾ ಅತ್ತೆ.

"ಅಯ್ಯೋ ಅತ್ತೇ, ಅದು ಶಹಾಡ್‌ಗೆ ಬೇಕಿತ್ತು!"

"ಮುಂಚೆ ಹೇಳುವುದಲ್ವಾ ಮಾರಾಯ? ಅಷ್ಟುದ್ದ ಭಾಷಣ ಮಾಡಿದೆ, ಅದೊಂದು ಬಿಟ್ಟು!"

ಖಾಲಿ ಹಂಡೆಗಳನ್ನು ಗಡಗಡ ಕುಲುಕಿಸುತ್ತ ಹಿತೇಶನ ಸಂಸ್ಥೆಯ ವ್ಯಾನು ಶಹಾಡ್ ತಲುಪಿತು. ದಿಶಾ ಆಗಲೇ ಬಂದು ಕೂತಿದ್ದಳು. ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಗುರಮ್ಮ, ವ್ಯಾನನ್ನು ನಂಬಿ ಕೂತರೆ ಆಗದೆಂದು, ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಹಿತೇಶನ ಮುಖ ನೋಡಿದ್ದೇ ತಡ, ತಾಟು ಮುಂದಿಟ್ಟಳು.

"ಯಾಕ ತಮ್ಮಾ, ಮಾರಿ ಬಾಡ್ಯದ? ಉಂಡಿಲ್ಲೇನು? ಕುಂದ್ರು ಮೊದಲ."

ನಾಚಿಕೆಯಾಯಿತು ನಿಜ, ಆದರೆ ಹಸಿವು ನಾಚಿಕೆಗಿಂತ ದೊಡ್ಡದು. ಬಿಸಿ ರೊಟ್ಟಿ, ಪುಂಡಿಪಲ್ಯ ಹೊಟ್ಟೆಗಿಳಿಯುತ್ತಿದ್ದಂತೆ ಹಳೆಯ ಧೈರ್ಯ ಮರಳಿತು.

"ಮೇಡಂ, ಇವತ್ತು ನಾವು ಒಂದು ಇಡೀ ಮದುವೆಯಲ್ಲಿ ಅನ್ನ ಹಾಳಾಗೋದನ್ನೇ ನಿಲ್ಲಿಸಿದ್ವಿ!"

"ಅರೇ ವಾ!" ದಿಶಾ ಮೊಬೈಲಿನಲ್ಲಿ ಅವನ ಫೋಟೋ ತೆಗೆಯುತ್ತಲೇ ಇದ್ದಳು. "ನನಗೆ ಫುಲ್ ಖುಷಿ ಆಯ್ತು. ಫಂಡ್ ಪಕ್ಕಾ."

ಗೆದ್ದೆನಲ್ಲ ಎಂದು ಹಿತೇಶ ಎದೆಯುಬ್ಬಿಸಿದ. "ಹಾಗಾದ್ರೆ ನಮ್ಮ ಸಂಸ್ಥೆಗೆ ಯಾವಾಗ ಬರುತ್ತೆ?"

"ನಿಮ್ಮ ಸಂಸ್ಥೆಗಲ್ಲ, ಗುರಮ್ಮ ಮೌಶಿಗೆ. ಹಸಿದವರಿಗೆ ಇವರು ಊಟ ಹಾಕೋದು ಕಣ್ಣಾರೆ ನೋಡಿದೆ ನಾ."

"ಮತ್ತೆ ನಾನು?"

"ಟೆನ್ಶನ್ ಮತ್ ಲೋ, ಚಿಂತೆ ಬೇಡ. ನಮ್ಮ ಮೊದಲ ಬೆನಿಫಿಶಿಯರಿ, ಫಲಾನುಭವಿ, ನೀವೇ! ತಿಂತಿರೋ ಫೋಟೋ ಮಸ್ತ್ ಬಂದಿದೆ."

ಗುರಮ್ಮ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ನಾಚಬ್ಯಾಡ ತಮ್ಮಾ, ದಿನಾ ಬಾ."