ಗುಡ್ಡದ ಜೀಪಿಗೆ ಅತಿ ಕಡಿಮೆ ಅಂಕಿ

ನಮ್ಮ ಹವಾಮಾನ ವೀಕ್ಷಣಾ ಇಲಾಖೆಗೆ ಒಂದು ಗುಡ್ಡ, ಒಂದು ಜೀಪು ಮತ್ತು ಆ ಜೀಪಿಗಾಗಿಯೇ ಒಂದು ಸಮಿತಿ ಇವೆ. ಸಮಿತಿಯ ನಡವಳಿ ಬರೆಯುವ ಗುಮಾಸ್ತ ನಾನು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ನಡವಳಿಯಲ್ಲಿ ಯಾರೂ ಒಂದು ತಪ್ಪನ್ನೂ ಎತ್ತಿ ತೋರಿಸಿಲ್ಲ. ಯಾರೂ ಓದಿಲ್ಲ ಎಂಬುದು ಬೇರೆ ಮಾತು.

ಗುಡ್ಡದ ತುದಿಯ ಕೋಣೆಯಲ್ಲಿ ಒಬ್ಬ ವೀಕ್ಷಕರು ಕೂತು, ಗಾಳಿ ಎತ್ತ ಬೀಸುತ್ತಿದೆ ಎಂದು ದಿನಕ್ಕೆ ಮೂರು ಸಲ ವೈರ್‌ಲೆಸ್‌ನಲ್ಲಿ ಹೇಳಬೇಕು. ಮೂರು ತಿಂಗಳಿಗೊಮ್ಮೆ ಪಾಳಿ ಬದಲು. ಹೊಸ ವೀಕ್ಷಕರು ಇಲಾಖೆಯ ವಾಹನದಲ್ಲೇ ಶಿಖರ ತಲುಪಿ ಕೆಲಸ ವಹಿಸಿಕೊಳ್ಳತಕ್ಕದ್ದು. ಅಲ್ಲಿಯವರೆಗೆ ಹಳಬರು ಇಳಿಯತಕ್ಕದ್ದಲ್ಲ. ನಡೆದು ಬಂದವರನ್ನು ಪ್ರವಾಸಿಗರೆಂದು ಪರಿಗಣಿಸತಕ್ಕದ್ದು. ಈಗಿನ ವೀಕ್ಷಕರು ಮೇಲೆ ಹೋಗಿ ಹನ್ನೊಂದು ತಿಂಗಳಾಗಿತ್ತು. ಕಾರಣ ಇಷ್ಟೇ: ಫೋಟೋದಲ್ಲಿ ಗಂಭೀರವಾಗಿ ಕಾಣಲೆಂದು ನಿರ್ದೇಶಕರು ಜೀಪಿಗೆ ದೊಡ್ಡ ಟೈರು ಹಾಕಿಸಿದ್ದರು. ಫೋಟೋ ಚೆನ್ನಾಗಿಯೇ ಬಂತು. ಜೀಪು ಮಾತ್ರ ಒಂಬತ್ತು ತಿರುವಿನ ದಾರಿಯಲ್ಲಿ ಐದನೆಯ ತಿರುವಿಗೇ ಏದುಸಿರು ಬಿಟ್ಟು ನಿಲ್ಲತೊಡಗಿತು.

ವೀಕ್ಷಕರ ಸ್ವಂತ ತಮ್ಮನೇ ನಮ್ಮ ಮೆಕ್ಯಾನಿಕ್. ವೀಕ್ಷಕರ ಹೆಂಡತಿ ಗುಡ್ಡದ ಬುಡದಲ್ಲಿ, ಗ್ಯಾರೇಜಿನ ಎದುರಿನ ಇಲಾಖಾ ಮನೆಯಲ್ಲಿದ್ದಾರೆ. ಆಕೆ ಪ್ರತಿ ಸೋಮವಾರ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು.

"ನಮ್ಮ ಯಜಮಾನ್ರನ್ನ ಯಾವಾಗ ಇಳಿಸ್ತೀರಿ?"

"ಪರಿಶೀಲನೆಯಲ್ಲಿದೆ ಅಮ್ಮಾ."

"ಮೊಣಕಾಲು ಹಿಡ್ಕೊಂಡಿದೆಯಂತೆ. ಒಬ್ಬರೇ ಇದ್ದೂ ಇದ್ದೂ ಗಾಳಿ ಜೊತೆ ಜಗಳ ಆಡ್ತಾರಂತೆ."

ಅದನ್ನೂ ಬರೆದುಕೊಳ್ಳುತ್ತಿದ್ದೆ. ಆಕೆಯ ಮುಖ ನೋಡಿದರೆ ಕರುಳು ಚುರುಕ್ ಎನ್ನುತ್ತಿತ್ತು, ನಿಜ. ಆದರೆ ಅದಕ್ಕೆ ನಮ್ಮಲ್ಲಿ ನಮೂನೆ ಇಲ್ಲ.

ಕೊನೆಗೆ ಸಮಿತಿ ಸೇರಿತು. ಮೆಕ್ಯಾನಿಕ್ ಒಂದು ಚೀಟಿಯಲ್ಲಿ ಮೂರು ಗೇರ್ ಅನುಪಾತಗಳನ್ನು ಬರೆದು ತಂದಿದ್ದ: ನಾಲ್ಕೂ ಮುಕ್ಕಾಲು, ನಾಲ್ಕು, ಮೂರೂವರೆ.

"ಟೈರು ದೊಡ್ಡದಾದ್ರೆ ಈ ಅಂಕಿನೂ ದೊಡ್ಡದಾಗಬೇಕು ಸರ್," ಎಂದ. "ಈಗಿರೋದು ನಾಲ್ಕು, ಸಾಲಲ್ಲ. ನಾಲ್ಕೂ ಮುಕ್ಕಾಲು ಹಾಕಿದ್ರೆ, ಎಂಜಿನ್ ಕಡೆ ಶಾಫ್ಟು ನಾಲ್ಕೂ ಮುಕ್ಕಾಲು ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತೆ. ನಿಧಾನ ಹೋಗುತ್ತೆ, ಆದ್ರೆ ಎಳೆಯುತ್ತೆ. ಮೂರೂವರೆ ಹಾಕಿದ್ರೆ ಬಯಲಲ್ಲಿ ಓಡುತ್ತೆ, ಏರಿನಲ್ಲಿ ಮಲಗುತ್ತೆ."

ತಪಾಸಣಾಧಿಕಾರಿಗಳು ಕನ್ನಡಕ ಏರಿಸಿಕೊಂಡರು. "ನಾಲ್ಕೂ ಮುಕ್ಕಾಲು ಸುತ್ತು ಒಳಗೆ ಹೋಗಿ ಒಂದೇ ಸುತ್ತು ಹೊರಗೆ ಬರುತ್ತಾ?"

"ಹೌದು ಸರ್."

"ಮಿಕ್ಕ ಮೂರೂ ಮುಕ್ಕಾಲು ಎಲ್ಲಿಗೆ ಹೋಯ್ತು?"

"ಎಳೆತಕ್ಕೆ ಹೋಯ್ತು ಸರ್."

"ರಸೀದಿ ಇದೆಯಾ?"

ಮೆಕ್ಯಾನಿಕ್ ಬಳಿ ರಸೀದಿ ಇರಲಿಲ್ಲ. ನಿರ್ದೇಶಕರು ಖರೀದಿ ನಿಯಮ ಹದಿನೇಳನ್ನು ಎದ್ದು ನಿಂತು ಓದಿದರು: "ಒಂದೇ ವಸ್ತುವಿಗೆ ಒಂದಕ್ಕಿಂತ ಹೆಚ್ಚು ಅಂಕಿಗಳು ಬಂದಲ್ಲಿ, ಅತಿ ಕಡಿಮೆ ಅಂಕಿಯನ್ನೇ ಅಂಗೀಕರಿಸತಕ್ಕದ್ದು."

"ಸರ್, ಅದು ಬೆಲೆಗೆ ಮಾಡಿರೋ ನಿಯಮ."

"ಬೆಲೆ ಅಂತ ಎಲ್ಲಿದೆ? ಅಂಕಿ ಅಂತಿದೆ. ನೀನೇ ಓದಪ್ಪ."

ಅವನು ಓದಿದ. ಅಂಕಿ ಎಂದೇ ಇತ್ತು. ಮೂರೂವರೆ ಅಂಗೀಕಾರವಾಯಿತು.

ಪರೀಕ್ಷೆಯ ದಿನ ನಿರ್ದೇಶಕರೇ ಮುಂದೆ ಕೂತರು, ನಾನು ಕಡತ ಹಿಡಿದು ಹಿಂದೆ. ಬಯಲಿನಲ್ಲಿ ಜೀಪು ಹೇಗೆ ಓಡಿತೆಂದರೆ ನನ್ನ ಟೋಪಿ ಇನ್ನೂ ಸಿಕ್ಕಿಲ್ಲ. ಮೂರನೆಯ ತಿರುವಿನಲ್ಲಿ ಎರಡು ಸಲ ಬಿಕ್ಕಳಿಸಿ ನಿಂತಿತು.

"ಯಾಕೆ ನಿಂತ್ವಿ?" ಎಂದರು ನಿರ್ದೇಶಕರು.

"ಏರು ಜಾಸ್ತಿ ಸರ್," ಎಂದ ಡ್ರೈವರ್.

"ಇಷ್ಟು ಏರನ್ನ ಮಂಜೂರು ಮಾಡಿದ್ದು ಯಾರು?"

ಕಡತ ತಿರುವಿದೆ. ಗುಡ್ಡಕ್ಕೆ ಮಂಜೂರಾತಿಯೇ ಇರಲಿಲ್ಲ. ಶಿಖರ ಇಂಥಲ್ಲೇ ಇರಬೇಕೆಂಬ ಆದೇಶವೂ ಇರಲಿಲ್ಲ. ಅಂದೇ ಸಂಜೆ ಪ್ರಕಟಣೆ ಹೊರಟಿತು:

"ಇಲಾಖಾ ವಾಹನವು ಸದ್ಯ ತಲುಪಬಲ್ಲ ಅತ್ಯುನ್ನತ ಸ್ಥಳವೇ ಹಿಂದಿನಿಂದಲೂ ಶಿಖರವಾಗಿತ್ತೆಂದು ಭಾವಿಸತಕ್ಕದ್ದು. ಅದರಿಂದ ಮೇಲಿರುವ ಭಾಗವನ್ನು ಹೆಚ್ಚುವರಿ ಎಂದು ಪರಿಗಣಿಸತಕ್ಕದ್ದು."

ಬೆಟ್ಟ ಅಗೆದು ಇಲಿ ಹಿಡಿಯುವುದು ಬೇರೆ ಇಲಾಖೆಗಳ ಪದ್ಧತಿ. ನಾವು ಒಂದು ಗುದ್ದಲಿಯನ್ನೂ ಎತ್ತದೆ ಬೆಟ್ಟವನ್ನೇ ಇಳಿಸಿದೆವು. ಮೂರನೆಯ ತಿರುವಿನಲ್ಲಿ 'ಶಿಖರ' ಎಂಬ ಫಲಕ ನೆಟ್ಟು, ಪಕ್ಕದಲ್ಲಿ ಒಂದು ಗುಡಾರ ಹಾಕಿದೆವು. ಮೆಕ್ಯಾನಿಕ್ ವೈರ್‌ಲೆಸ್‌ನಲ್ಲಿ ಅಣ್ಣನಿಗೆ ವಿಷಯ ಹೇಳಿದ.

"ಹಾಗಾದ್ರೆ ನಾನೀಗ ಎಲ್ಲಿದ್ದೀನೋ?" ಎಂದರು ಅಣ್ಣ.

"ಕಡತದ ಪ್ರಕಾರ ಎಲ್ಲೂ ಇಲ್ಲ ಅಣ್ಣ. ಹನ್ನೊಂದು ತಿಂಗಳಿಂದ ಗೈರುಹಾಜರಿ. ನಾಳೆಯೊಳಗೆ ಶಿಖರಕ್ಕೆ ಹಾಜರಾಗದಿದ್ರೆ ಕೆಲಸ ಹೋಗುತ್ತೆ."

ತಮ್ಮನೂ ಹೆಂಡತಿಯೂ ನಡೆದು ಹತ್ತಿ, ಆಚೆ ಈಚೆ ಹೆಗಲು ಕೊಟ್ಟು ಅವರನ್ನು ಆರು ತಿರುವು ಕೆಳಗಿನ ಶಿಖರಕ್ಕೆ ತಂದರು. ವೀಕ್ಷಕರು ಗುಡಾರದಲ್ಲಿ ಕೂತು ಹಾಜರಿ ಸಹಿ ಹಾಕಿದರು. ಮೂರು ತಿಂಗಳ ಪಾಳಿ ಅಂದಿನಿಂದ ಹೊಸದಾಗಿ ಶುರು ಎಂದು ನಾನು ತಿಳಿಸಿದೆ. ಹೆಂಡತಿ ಕೆಳಗೆ ಕಾಣುತ್ತಿದ್ದ ಮನೆಯ ಹೆಂಚನ್ನು ನೋಡಿದರು, ಆಮೇಲೆ ಮೇಲೆ ಒಂಬತ್ತನೆಯ ತಿರುವನ್ನು ನೋಡಿದರು.

ಮರುದಿನ ಆಕೆ ಗ್ಯಾರೇಜಿಗೆ ಬಂದರು. ನಾನು ಅಲ್ಲಿ ಸ್ಪ್ಯಾನರ್ ಎಣಿಸುತ್ತಿದ್ದೆ.

"ನೋಡಪ್ಪ," ಎಂದರು ಮೈದುನನಿಗೆ, "ನಿನ್ನ ಗೇರ್ ಕೆಟ್ಟಿದ್ದಕ್ಕೆ ನಿಮ್ಮಣ್ಣ ಆರು ತಿರುವು ಹತ್ರ ಬಂದ್ರು. ಇನ್ನೂ ಕೆಟ್ಟದ್ದು ಸಿಗುತ್ತಾ?"

"ಎರಡೂವರೆ ಸಿಗುತ್ತೆ ಅತ್ತಿಗೆ. ಆದ್ರೆ ಈ ಟೈರಿಗೆ ಅದನ್ನ ಹಾಕಿದವನು ಮೆಕ್ಯಾನಿಕ್ ಅಂತ ಹೇಳ್ಕೊಳ್ಳೋ ಹಾಗಿಲ್ಲ. ಇಪ್ಪತ್ತು ವರ್ಷದ ಕಸುಬು ನಂದು."

"ಕಸುಬು ಬೇಕಾ, ಅಣ್ಣ ಬೇಕಾ?"

ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿದ, ಒರೆಸುತ್ತಲೇ ಇದ್ದ. ಅವನ ಕಣ್ಣು ತುಂಬಿತ್ತು. ಸ್ಪ್ಯಾನರ್ ಲೆಕ್ಕ ತಪ್ಪಿ ನಾನು ಮೊದಲಿನಿಂದ ಎಣಿಸಿದೆ.

ಮುಂದಿನ ಸಭೆಯಲ್ಲಿ ಅವನು ಎರಡೂವರೆಯನ್ನು ತಾನೇ ಶಿಫಾರಸು ಮಾಡಿದ. ತಾಂತ್ರಿಕ ಅಭಿಪ್ರಾಯವೂ ನಿಯಮ ಹದಿನೇಳೂ ಒಂದಾದದ್ದು ಇಲಾಖೆಯ ಇತಿಹಾಸದಲ್ಲಿ ಅದೇ ಮೊದಲು. "ಸುತ್ತುಗಳ ಸೋರಿಕೆ ಒಂದೂವರೆಗೆ ಇಳಿದಿದೆ," ಎಂದು ತಪಾಸಣಾಧಿಕಾರಿಗಳು ಅವನ ಬೆನ್ನು ತಟ್ಟಿದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಎರಡೂವರೆ ಹಾಕಿದ ಜೀಪು ಗ್ಯಾರೇಜಿನಿಂದ ಹೊರಟು, ರಸ್ತೆ ದಾಟಿ, ವೀಕ್ಷಕರ ಮನೆಯ ಮುಂದಿನ ಚಿಕ್ಕ ಉಬ್ಬನ್ನು ಹತ್ತಲಾರದೆ ಅಲ್ಲೇ ನಿಂತಿತು. ನಿರ್ದೇಶಕರು ಇಳಿದು ಸುತ್ತಮುತ್ತ ನೋಡಿ, ನೋಟ ಭವ್ಯವಾಗಿದೆ ಎಂದರು. ಫಲಕವನ್ನು ಬಾಗಿಲ ಬಳಿ ನೆಟ್ಟೆವು. ವೀಕ್ಷಕರು ಮತ್ತೆ ಗೈರುಹಾಜರಾದರು, ಮತ್ತೆ ಇಳಿದು ಬಂದರು, ಜಗಲಿಯಲ್ಲಿ ಕೂತು ಸಹಿ ಹಾಕಿದರು.

ಈಗ ಎಲ್ಲರೂ ಸುಖವಾಗಿದ್ದೇವೆ. ಶಿಖರ ಯಾರಿಗೂ ದೂರವಿಲ್ಲವಾದ್ದರಿಂದ ಇಲಾಖೆಗೆ ಪ್ರಶಸ್ತಿ ಪತ್ರ ಬಂದಿದೆ. ಪಾಳಿ ಬದಲಿಸಲು ಹೊಸಬರನ್ನು ಕೇಳಿದರೆ, ಪರರ ಮನೆಯಲ್ಲಿ ಮಲಗಲು ಸಂಕೋಚ ಎಂದು ಹಿಂದೆ ಸರಿಯುತ್ತಾರೆ. ಮೊನ್ನೆ ಹಾಜರಿ ಪುಸ್ತಕ ಹಿಡಿದು ಹೋಗಿ ಬಾಗಿಲು ತಟ್ಟಿದೆ. ವೀಕ್ಷಕರು ಎಲ್ಲಿ ಎಂದು ಕೇಳಿದ್ದಕ್ಕೆ ಆಕೆ ನನಗೆ ಕುರ್ಚಿ ಎಳೆದು ಹಾಕಿದರು.

"ಶಿಖರದಲ್ಲಿ ಡ್ಯೂಟಿ ಮೇಲಿದ್ದಾರೆ. ಸ್ನಾನ ಮುಗಿಸಿ ಬರ್ತಾರೆ, ಕೂತ್ಕೊಳ್ಳಿ."