ಸೈಬೀರಿಯಾದ ಅಳಿಲಿಗೆ ಮಂಗನಬಾವು

ಪ್ರಾಣಿ ಸಾಕುವುದರಲ್ಲಿ ನನಗೆ ಅನುಭವವಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಬೀದರಿನ ಅಜ್ಜನ ಮನೆಯಲ್ಲಿ ಎಮ್ಮೆಗಳಿದ್ದವು. ಎಮ್ಮೆಯನ್ನೇ ನೋಡಿಕೊಂಡವನಿಗೆ ಅಂಗೈಯಗಲದ ಅಳಿಲು ಯಾವ ಲೆಕ್ಕ? ನಿಜ ಹೇಳಬೇಕೆಂದರೆ ಎಮ್ಮೆಗಳನ್ನು ನೋಡಿಕೊಂಡವರು ನಮ್ಮಜ್ಜಿ. ನಾನು ಬರೀ ನೋಡಿದ್ದೆ.

ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಇಳಿದು ಮನೆಗೆ ನಡೆಯುವ ದಾರಿಯಲ್ಲಿ ಮೀನು, ಗಿಳಿ ಮಾರುವ ಅಂಗಡಿಯೊಂದಿದೆ. ಒಂದು ಸಂಜೆ ಅಲ್ಲಿ ಪಂಜರದೊಳಗೆ, ಬೆನ್ನ ಮೇಲೆ ಐದು ಕಪ್ಪು ಪಟ್ಟೆಗಳಿದ್ದ ಅಳಿಲೊಂದು ನನ್ನನ್ನೇ ದಿಟ್ಟಿಸುತ್ತ ಕುಳಿತಿತ್ತು.

"ಸೈಬೀರಿಯಾ ಕಾ ಹೈ ಸಾಬ್. ಪೂರಾ ಫಾರಿನ್!" ಎಂದ ಅಂಗಡಿಯವ.

ಸರ್ಕಾರಿ ಕಚೇರಿಯ ಕುರ್ಚಿಯಲ್ಲೇ ತಲೆ ನರೆತ ನನಗೆ ಫಾರಿನ್ ಸಂಬಂಧ ಕೂಡಿಬಂದದ್ದು ಅದೇ ಮೊದಲು. ತಂದೇ ಬಿಟ್ಟೆ!

ಹೆಂಡತಿ ಶಾಂತಾ ಬಾಗಿಲಲ್ಲೇ ತಡೆದಳು. "ಬಾಲ್ಕನಿಗೆ ದಿನಾ ಅಳಿಲು ಪುಕ್ಕಟ ಬರ್ತಾವ. ನೀವು ರೊಕ್ಕ ಕೊಟ್ಟು ತಂದೀರಲ್ರಿ!"

"ಅವು ಲೋಕಲ್. ಇದು ಸೈಬೀರಿಯಾದ್ದು."

ಎದುರು ಮನೆಯ ರಮಣಮ್ಮ ಬಂದು ಬಗ್ಗಿ ನೋಡಿ, "ಇದಿ ಮನ ಉಡುತೆ ಕದಂಡಿ?" ಎಂದರು. ನಮ್ಮ ಅಳಿಲೇ ಅಲ್ಲವೇ ಎಂದು! ನಮ್ಮದಕ್ಕೆ ಮೂರು ಪಟ್ಟೆ, ಇದಕ್ಕೆ ಐದು ಎಂದು ನಾನು ಬೆರಳಿಟ್ಟು ತೋರಿಸಿದೆ. ಆಕೆ ಶಾಂತಾಳ ಕಡೆ ತಿರುಗಿ ಮರುಕದಿಂದ ತಲೆಯಾಡಿಸಿದರು.

ಏಪ್ರಿಲ್ ತಿಂಗಳ ಹೈದರಾಬಾದ್. ಹಿಮದ ನಾಡಿನ ಜೀವಿ ಈ ಬಿಸಿಲು ತಾಳೀತೇ? ಎಸಿ ಇದ್ದುದು ಹಾಲ್‌ನಲ್ಲಿ ಮಾತ್ರ. ಆದ್ದರಿಂದ ಪಂಜರವನ್ನು ಹಾಲ್‌ನಲ್ಲಿ ಸ್ಥಾಪಿಸಿ, ಹಗಲೆಲ್ಲ ಎಸಿ ಹಾಕಿಟ್ಟೆ.

"ಲಗ್ನ ಆಗಿ ಇಷ್ಟು ವರ್ಷ ಆತು. ನಾ ಅಡಗಿಮನ್ಯಾಗ ಬೇಯಾಕತ್ತೀನಿ. ನನಗೊಮ್ಮೆ ಹಿಂಗ ಎಸಿ ಹಾಕೀರೇನು?" ಎಂದಳು ಶಾಂತಾ.

"ನೀ ಕಲಬುರಗಿಯಾಕಿ. ನಿನಗ ಬಿಸಲು ಹೊಸದಲ್ಲ" ಎಂದೆ. ಅಂದು ರಾತ್ರಿ ನನಗೆ ಊಟ ಬಡಿಸಲಿಲ್ಲ.

ಹೀಗಿರುವಾಗ ಮಗಳು ಮೇಘನಾಳನ್ನು ನೋಡಲು ಗಂಡಿನವರು ಬರುವುದೆಂದು ನಿಶ್ಚಯವಾಯಿತು. ಹುಡುಗ ಸಂದೀಪ, ಹಲ್ಲಿನ ಡಾಕ್ಟರ್. ನಮ್ಮ ಕಡೆಯವರೇ, ಉಪ್ಪಲ್‌ನಲ್ಲಿ ನೆಲೆಸಿದವರು. ಮಾದಾಪುರದಲ್ಲಿ ಕೆಲಸ ಮಾಡುವ ಮೇಘನಾ ಬಂದ ಸಂಬಂಧಗಳನ್ನೆಲ್ಲ ಬೇಡವೆನ್ನುತ್ತಿದ್ದಳು. ಈ ಹುಡುಗನ ಫೋಟೋ ನೋಡಿ ಮಾತ್ರ ಸುಮ್ಮನಿದ್ದಳು. ಶಾಂತಾ ಅದನ್ನೇ ಹಬ್ಬವೆಂದು ಭಾವಿಸಿದಳು.

"ಇವತ್ತೊಂದಿನ ಅದನ್ನ ಬಾಲ್ಕನ್ಯಾಗ ಇಡ್ರಿ" ಎಂದು ಅವರು ಬರುವ ದಿನ ಬೆಳಿಗ್ಗೆ ಬೇಡಿಕೊಂಡಳು. ನಾನು ಒಪ್ಪಲಿಲ್ಲ. ಕೊನೆಗೆ ಪಂಜರದ ಮೇಲೆ ಹಾಸಿಗೆಯ ಚಾದರ ಹೊದಿಸುವುದೆಂದು ರಾಜಿಯಾಯಿತು.

ಗಂಡಿನವರು ಬಂದರು. ಹುಡುಗ, ಅವನ ತಾಯಿ, ತಂದೆ. ಅವಲಕ್ಕಿ ಚೂಡಾ, ಚಹಾ ಆದವು. ಮಾತು ಚೆನ್ನಾಗಿಯೇ ನಡೆದಿತ್ತು. ಚಾದರದೊಳಗೆ ಉಸಿರು ಕಟ್ಟೀತೆಂದು ನಾನು ಮೆಲ್ಲನೆ ಅಂಚು ಎತ್ತಿದೆ. ನೋಡಿದರೆ ಅಳಿಲಿನ ಎರಡೂ ಕೆನ್ನೆ ಊದಿಕೊಂಡು ಮುಖ ಕುಂಬಳಕಾಯಿಯಂತಾಗಿದೆ!

"ಅಯ್ಯೋ! ಇದಕ್ಕ ಮಂಗನಬಾವು ಆಗೇತಿ!" ಎಂದು ಕೂಗಿದೆ.

ಎಲ್ಲರೂ ತಿರುಗಿದರು. ಆಗ ನನಗೆ ಹೊಳೆಯಿತು: ಡಾಕ್ಟರ್ ಮನೆಯಲ್ಲೇ ಕುಳಿತಿದ್ದಾರಲ್ಲ!

"ಸಂದೀಪ ಅವರೇ, ಸ್ವಲ್ಪ ನೋಡ್ರಿ."

"ಅಂಕಲ್, ನಾ ಮನಷ್ಯಾರ ಹಲ್ಲಿನ ಡಾಕ್ಟರ್ ಅದೀನ್ರಿ."

"ಹಲ್ಲು ಹಲ್ಲೇ ಅಲ್ಲೇನ್ರೀ!"

ಶಾಂತಾ ಕಣ್ಣು ಬಿಟ್ಟಳು. ನಾನು ಪಂಜರದ ಬಾಗಿಲು ತೆಗೆದೆ. ಪಾಪ, ಆ ಸಭ್ಯ ಹುಡುಗ ಬೆರಳು ಒಳಗೆ ಹಾಕಿದ. ಕಚ್ಚಿತು! ಅದೂ ಬಲಗೈಯ ತೋರುಬೆರಳನ್ನು!

ಅಳಿಲು ಹೊರಗೆ ಹಾರಿ, ಹುಡುಗನ ತಾಯಿಯ ಮುಡಿಯ ಮಲ್ಲಿಗೆ ದಂಡೆಯ ಮೇಲೆ ಕಾಲೂರಿ, ಪರದೆ ಹತ್ತಿ, ಎಸಿಯ ಮೇಲೆ ಹೋಗಿ ಕುಳಿತಿತು. ಅಲ್ಲಿ ನಿಶ್ಚಿಂತೆಯಿಂದ ಕೆನ್ನೆಯೊಳಗಿನಿಂದ ಶೇಂಗಾ ತೆಗೆಯತೊಡಗಿತು. ಈ ಜಾತಿಯ ಅಳಿಲು ತಿನ್ನುವುದನ್ನೆಲ್ಲ ಕೆನ್ನೆಯಲ್ಲಿ ತುಂಬಿಟ್ಟುಕೊಳ್ಳುತ್ತದಂತೆ. ಬೆಳಿಗ್ಗೆ ಪ್ರೀತಿ ಉಕ್ಕಿ ಬೊಗಸೆ ಶೇಂಗಾ ಹಾಕಿದವನು ನಾನೇ. ರೋಗ ಅದೇ!

ಕೆಳಗೆ ಕುಳಿತಿದ್ದವರು ಹುಡುಗನ ತಂದೆ. ಅವರ ಬೋಳುತಲೆಯ ಮೇಲೆ ಶೇಂಗಾ ಬಿತ್ತು. ಟಪ್. ಇನ್ನೊಂದು ಬಿತ್ತು. ಟಪ್. ಭಾಳ ದೊಡ್ಡ ಮನುಷ್ಯರು. ಮೂರನೆಯದರವರೆಗೆ ಏನೂ ಅನ್ನಲಿಲ್ಲ.

ಮಾನ ಉಳಿಸಿಕೊಳ್ಳಲು ನಾನು ಟವೆಲ್ ಹಿಡಿದು ಸ್ಟೂಲ್ ಹತ್ತಿದೆ. ಸ್ಟೂಲ್ ಜಾರಿತು. ಪರದೆ ಹಿಡಿದೆ. ಪರದೆ, ಅದರ ಸರಳು, ನಾನು ಒಟ್ಟಾಗಿ ಚೂಡಾದ ತಟ್ಟೆಯ ಮೇಲೆ ಇಳಿದೆವು.

"ಪಪ್ಪಾ, ನೀವು ಏನೂ ಮಾಡಬ್ಯಾಡ್ರಿ. ಸುಮ್ನ ಕೂಡ್ರಿ" ಎಂದಳು ಮೇಘನಾ. ಸಂದೀಪನ ಬೆರಳಿಗೆ ಕರವಸ್ತ್ರ ಸುತ್ತಿ, ಸ್ಕೂಟರ್ ಕೀಲಿ ತೆಗೆದುಕೊಂಡು, ಇಂಜೆಕ್ಷನ್ ಹಾಕಿಸಲು ಆಸ್ಪತ್ರೆಗೆ ಕರೆದೊಯ್ದಳು.

ಸ್ವಲ್ಪ ಹೊತ್ತಿಗೆ ಅಳಿಲು ತಾನಾಗಿಯೇ ಇಳಿದು ಪಂಜರದೊಳಗೆ ಹೋಯಿತು. ಹುಡುಗನ ತಾಯಿ ಎದ್ದು ಬಾಗಿಲು ಹಾಕಿ ಬಂದು ಕುಳಿತರು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಈ ಸಂಬಂಧವೂ ಹೋಯಿತು, ಅದೂ ನನ್ನ ಕೈಯಿಂದಲೇ ಎಂದುಕೊಂಡು ನಾನು ಅಂಗಿಯ ಮೇಲಿನ ಅವಲಕ್ಕಿ ಆರಿಸುತ್ತ ಕುಳಿತೆ. ನಿಜವಾಗಿ ಅಳು ಬಂದಿತ್ತು.

ಇಬ್ಬರೂ ಬಹಳ ಹೊತ್ತಿನ ಮೇಲೆ ಬಂದರು. ನಗುತ್ತ ಬಂದರು! ವಾರದೊಳಗೆ ಎರಡೂ ಕಡೆಯಿಂದ ಒಪ್ಪಿಗೆಯಾಯಿತು. ಅಳಿಲನ್ನು, ವಿದೇಶಿ ಪಕ್ಷಿಗಳಿಗೆ ದೊಡ್ಡ ಗೂಡು ಕಟ್ಟಿಸಿಟ್ಟ ಪರಿಚಿತರೊಬ್ಬರು ಒಯ್ದರು.

ನಿಶ್ಚಿತಾರ್ಥದ ದಿನ ನಾನು ಅಳಿಯನ ಪಕ್ಕ ಕುಳಿತು ಹೆಮ್ಮೆಯಿಂದ ಹೇಳಿದೆ: "ನಾ ಪಂಜರ ತೆಗೀದ ಇದ್ದಿದ್ರ ನಿಮಗ ಮಾತಾಡಾಕ ಟೈಮ್ ಎಲ್ಲಿ ಸಿಗ್ತಿತ್ತು?"

"ಖರೇ ಮಾವ. ಮೊದ್ಲು ಇಬ್ಬರಿಗೂ ಏನು ಮಾತಾಡಬೇಕು ತಿಳೀಲಿಲ್ಲ. ಹೆಂಗ ಕಡೀತು ಅಂತ ನರ್ಸ್ ಕೇಳಿದ್ರು. ಮೇಘನಾ ಹೇಳಾಕ ಶುರು ಮಾಡಿದ್ಲು, ನಗು ತಡೀಲಾಗಲಿಲ್ಲ."

"ಅಳಿಲಿನ ಬಗ್ಗೆನಾ?"

"ಅಲ್ರೀ. ನಿಮ್ಮ ಬಗ್ಗೆ."

ದಿನಾ ಸಂಜೆ ಫೋನಿನಲ್ಲಿ ಅದನ್ನೇ ಮಾತಾಡುತ್ತಾರಂತೆ. ವಿಷಯ ಇನ್ನೂ ಮುಗಿದಿಲ್ಲವಂತೆ!